ಗೇಟಿನ ಹೊರಗೆ ಕಾದ ಹೊತ್ತಿಗೆ ಕೂಲಿ ಯಾರು ಕೊಡುತ್ತಾರೆ?



ಊರಹಬ್ಬದ ಮಾರನೆಯ ದಿನ ನಮ್ಮ ಚರ್ಚಿನ ಮುಂದೆ ವಾಹನಗಳ ಆಶೀರ್ವಾದ ನಡೆಯುವುದು ನಿಮಗೆಲ್ಲ ಗೊತ್ತೇ ಇದೆ. ಮೊದಲು ಬೈಕುಗಳು, ಆಮೇಲೆ ಆಟೊ, ಟಾಟಾ ಏಸ್, ಕೊನೆಗೆ ಎರಡು ಮೂರು ಲಾರಿ. ಫಾದರ್ ತೀರ್ಥ ಚಿಮುಕಿಸಿಕೊಂಡು ಬರುತ್ತಾರೆ, ನಾವು ಯುವಜನ ಸಂಘದವರು ಹಿಂದಿನಿಂದ ಹೂವಿನ ತಟ್ಟೆ ಹಿಡಿದು ನಡೆಯುತ್ತೇವೆ. ಈ ವರ್ಷ ನಮ್ಮ ಬೀದಿಯ ಒಬ್ಬ ಅಣ್ಣ ಗಾಡಿ ಇಲ್ಲದೆ ಬಂದು ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದರು. ದೊಡ್ಡ ಕಂಪನಿಯೊಂದರ ಕಂಟೇನರ್ ಓಡಿಸುತ್ತಿದ್ದವರು ಅವರು. ಕಂಪನಿಯ ಹೆಸರು ಇಲ್ಲಿ ಬೇಡ.

"ಗಾಡಿ ಎಲ್ಲಣ್ಣ?" ಎಂದು ಕೇಳಿದೆವು.

"ಗಾಡಿ ಓಡ್ತಾ ಐತೆ. ಬೇರೆ ಯಾರೋ ಹತ್ತವ್ರೆ. ನಾನು ಬಿಟ್ಟುಬಿಟ್ಟೆ ಕಣ್ರಪ್ಪಾ" ಎಂದರು.

ಸಂಜೆ ಅವರ ಮನೆ ಜಗಲಿಯ ಮೇಲೆ ಕೂತಾಗ ಕೊನೆಯ ಟ್ರಿಪ್ಪಿನ ಲೆಕ್ಕವನ್ನು ಫೋನಿನಲ್ಲಿ ತೋರಿಸಿದರು. ಅದನ್ನು ನೋಡಿದ ಮೇಲೆ ನಾವು ಸುಮ್ಮನಿರಲಾರೆವು. ಅದಕ್ಕೇ ಈ ಬರಹ.

ಟ್ರಿಪ್ಪು ಹೊಸೂರಿನಿಂದ ಭಿವಂಡಿಗೆ, ಮತ್ತೆ ಹೊಸೂರಿಗೆ. ಹೋಗುವುದಕ್ಕೆ ಒಂದು ಸಾವಿರ ಕಿಲೋಮೀಟರ್, ಬರುವುದಕ್ಕೆ ಇನ್ನೊಂದು ಸಾವಿರ. ಲೋಡು ಹತ್ತಲು ಇಲ್ಲೇ ಒಂದು ದಿನ ಕಾದರು. ದಾರಿ ಮೂರು ದಿನ. ಭಿವಂಡಿಯ ಗೋದಾಮಿನ ಮುಂದೆ ಸರಕು ಇಳಿಸಲು ಎರಡು ದಿನ. ವಾಪಸ್ ಲೋಡು ಸಿಗಲು ಇನ್ನೆರಡು ದಿನ. ಮತ್ತೆ ದಾರಿ ಮೂರು ದಿನ. ಒಟ್ಟು ಹನ್ನೊಂದು ದಿನ. ಟ್ರಿಪ್ಪಿನ ದುಡ್ಡು 9,500 ರೂಪಾಯಿ. ಅದರಲ್ಲಿ ಡೀಸೆಲ್ ಹೆಚ್ಚು ಕುಡಿದಿದೆ ಎಂದು 1,800 ಹಿಡಿದರು, ಒಂದು ಪೆಟ್ಟಿಗೆ ನಜ್ಜುಗುಜ್ಜಾಗಿದೆ ಎಂದು 1,100 ಹಿಡಿದರು. ಕೈಗೆ ಬಂದದ್ದು 6,600. ದಿನಕ್ಕೆ 600. ಮನೆಗೆ ಹೋಗಿ ಮಲಗುವ ಕೆಲಸವಲ್ಲ ಇದು, ಇಪ್ಪತ್ತನಾಲ್ಕು ಗಂಟೆಯೂ ಗಾಡಿಯ ಕಾವಲು. ಹಾಗೆ ಲೆಕ್ಕ ಹಾಕಿದರೆ ಗಂಟೆಗೆ 25 ರೂಪಾಯಿ. ಊಟ, ಸ್ನಾನ, ಹೆದ್ದಾರಿ ಬದಿಯ ಶೌಚಾಲಯದ ಕಾಸು ಎಲ್ಲವೂ ಅದರಲ್ಲೇ.

ಈ ಲೆಕ್ಕದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಸಂಬಳ ಕಡಿಮೆ ಎಂಬುದಲ್ಲ. ಹನ್ನೊಂದು ದಿನದಲ್ಲಿ ಐದು ದಿನ ಅವರು ಬರೀ ಕಾದಿದ್ದಾರೆ, ಆ ಐದು ದಿನಕ್ಕೆ ಲೆಕ್ಕದ ಹಾಳೆಯಲ್ಲಿ ಒಂದು ಸಾಲೂ ಇಲ್ಲ! ಚಕ್ರ ಉರುಳಿದರೆ ಮಾತ್ರ ದುಡ್ಡು. ಚಕ್ರ ನಿಂತರೆ ಡ್ರೈವರು ಎಂಬ ಮನುಷ್ಯ ಇಲ್ಲವೇ ಇಲ್ಲ ಎಂಬ ಲೆಕ್ಕ.

ಇಷ್ಟಕ್ಕೂ, ಕಾದ ಹೊತ್ತಿಗೆ ಬೆಲೆ ಇಲ್ಲ ಎಂದು ಸಾಗಣೆ ಕಂಪನಿಗಳೇ ಒಪ್ಪುವುದಿಲ್ಲ. ಗಾಡಿಯನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಸರಕಿನ ಮಾಲೀಕರಿಗೆ 'ಹಾಲ್ಟಿಂಗ್ ಚಾರ್ಜು' ಬಿಲ್ಲು ಕಳಿಸುವುದು ಈ ವ್ಯಾಪಾರದಲ್ಲಿ ಹಳೆಯ ಪದ್ಧತಿ. ನಿಂತ ಗಾಡಿಗೆ ಬೆಲೆ ಇದೆ, ಅದರೊಳಗೆ ಕೂತವನಿಗೆ ಇಲ್ಲ. ಆ ಅಣ್ಣ ಆಫೀಸಿನಲ್ಲಿ ಇದನ್ನು ಕೇಳಿದ್ದರಂತೆ. "ನಿನಗೆ ಕೂತು ರೆಸ್ಟ್ ಮಾಡಲು ಸಿಕ್ಕಿತಲ್ಲಪ್ಪಾ" ಎಂಬ ಉತ್ತರ ಬಂತಂತೆ. ಬಿಸಿಲಿನಲ್ಲಿ ಕಾದ ತಗಡಿನ ಕ್ಯಾಬಿನ್ನು, ಸಾಲು ಮುಂದೆ ಸರಿದಾಗಲೆಲ್ಲ ಎದ್ದು ಗಾಡಿ ಹತ್ತು ಅಡಿ ಮುಂದೆ ತೆಗೆಯಬೇಕು, ರಾತ್ರಿ ಡೀಸೆಲ್ ಕಳ್ಳರ ಭಯ. ಇದು ರೆಸ್ಟು!

ಇನ್ನೊಂದು ಸಂಗತಿ ಇದೆ, ಅದು ನಮಗೇ ಚುಚ್ಚುವಂಥದ್ದು. ಕಾದ ಹೊತ್ತನ್ನು ಅಳೆಯುವುದು ಗೇಟಿನ ರಿಜಿಸ್ಟರಿನಿಂದ. ಗಾಡಿ ಬೆಳಿಗ್ಗೆ ಆರಕ್ಕೆ ಬಂದು ರಸ್ತೆ ಬದಿ ನಿಂತರೂ 'ಇನ್ ಟೈಮ್' ಬರೆಯುವುದು ಒಳಗೆ ಕರೆದಾಗ. ಸಂಜೆ ಐದಕ್ಕೆ ಕರೆದರೆ ಐದು ಗಂಟೆಗೆ ಬಂದ ಹಾಗೆ. ಹನ್ನೊಂದು ಗಂಟೆ ಕಾಗದದಿಂದಲೇ ಮಾಯ. ಈ ರಿಜಿಸ್ಟರು ಬರೆಯುವವರು ಯಾರು? ಸೆಕ್ಯೂರಿಟಿ, ಸ್ಟೋರ್ಸು, ಡಿಸ್ಪ್ಯಾಚ್ ಹುಡುಗರು. ಅಂದರೆ ನಾವೇ. ನಮ್ಮ ಸಂಘದಲ್ಲೇ ಸಿಪ್ಕಾಟ್ ಕಡೆ ಇಂಥ ಕೆಲಸಕ್ಕೆ ಹೋಗುವವರು ಎಷ್ಟು ಮಂದಿ ಇದ್ದೇವೆ, ಎಣಿಸಿ ನೋಡಿ. "ಡ್ರೈವರ್‌ಗಳಿಗೆ ಒಳಗಿನ ಟಾಯ್ಲೆಟ್ ಇಲ್ಲ, ಹೊರಗೆ ಹೋಗಿ" ಎಂದು ಹೇಳುವ ಬಾಯಿಯೂ ಹೆಚ್ಚಿನ ವೇಳೆ ನಮ್ಮದೇ. ಮೇಲಿನವರು ಹೇಳಿಸುತ್ತಾರೆ, ನಿಜ. ಆದರೆ ಆ ಅಣ್ಣನಿಗೆ ಕೇಳಿಸುವುದು ನಮ್ಮ ದನಿ.

ಲಾರಿ ತಯಾರಾಗುವ ಊರು ನಮ್ಮದು. 1980ರಿಂದ ಹೊಸೂರಿನಲ್ಲಿ ಲಾರಿ ತಯಾರಿಕೆ ನಡೆಯುತ್ತಿದೆ. ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯಿಂದ ಬಂದು ಬೋಲ್ಟು ಬಿಗಿಯುವವರೂ ನಮ್ಮವರೇ, ಆ ಲಾರಿ ಓಡಿಸುವವರೂ ನಮ್ಮವರೇ, ಅದನ್ನು ಗೇಟಿನಲ್ಲಿ ನಿಲ್ಲಿಸುವವರೂ ನಮ್ಮವರೇ.

ಇನ್ನು ಡೀಸೆಲ್ ಕಡಿತದ ವಿಷಯ. ಲೀಟರಿಗೆ ಇಷ್ಟು ಕಿಲೋಮೀಟರ್ ಕೊಡಲೇಬೇಕು ಎಂದು ಆಫೀಸಿನಲ್ಲಿ ಕೂತವರು ನಿಗದಿ ಮಾಡುತ್ತಾರೆ. ಘಾಟಿ ಏರಿದೆಯೋ, ಟೈರು ಸವೆದಿದೆಯೋ, ಬೆಂಗಳೂರಿನ ನೋ ಎಂಟ್ರಿಗೆ ಸಿಕ್ಕಿ ಸುತ್ತು ಹಾಕಿದರೋ, ಯಾರಿಗೂ ಬೇಕಿಲ್ಲ. ಕಡಿಮೆ ಬಂದರೆ ಡ್ರೈವರ್ ತಲೆಗೆ. ಇದರ ಫಲ ಏನು ಗೊತ್ತೇ? ಧರ್ಮಪುರಿ ದಾಟಿ ಸೇಲಂಗೆ ಹೋಗುವಾಗ ತೊಪ್ಪೂರು ಘಾಟಿ ಸಿಗುತ್ತದಲ್ಲ, ಎನ್‌ಎಚ್ 44ರಲ್ಲಿ? ಆ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಗೇರು ತಪ್ಪಿಸಿ ನ್ಯೂಟ್ರಲ್‌ನಲ್ಲಿ ಬಿಡುವವರಿದ್ದಾರೆ. ಬ್ರೇಕು ಕಾದು ಹಿಡಿತ ಬಿಡುತ್ತದೆ. ಅಪಘಾತವಾದ ಮಾರನೆಯ ದಿನ ಪತ್ರಿಕೆಯಲ್ಲಿ 'ಚಾಲಕನ ಅಜಾಗರೂಕತೆ' ಎಂದು ಬರುತ್ತದೆ. ತಪ್ಪು ಅವನದೂ ಹೌದು, ನಾವು ಇಲ್ಲ ಎನ್ನುವುದಿಲ್ಲ. ಆದರೆ 1,800 ರೂಪಾಯಿ ಹಿಡಿಯುವ ಕೈಯ ಬಗ್ಗೆ ಆ ಸುದ್ದಿಯಲ್ಲಿ ಒಂದಕ್ಷರವೂ ಇರುವುದಿಲ್ಲ.

ನಿದ್ದೆಯ ಕಥೆಯೂ ಇದೇ. 2020ರಲ್ಲಿ ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಹತ್ತು ನಗರಗಳಲ್ಲಿ ಸಾವಿರಕ್ಕೂ ಹೆಚ್ಚು ಲಾರಿ ಚಾಲಕರನ್ನು ಮಾತಾಡಿಸಿ ವರದಿ ಮಾಡಿತು. ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ದಣಿದಿದ್ದರೂ, ನಿದ್ದೆ ಬರುತ್ತಿದ್ದರೂ ಗಾಡಿ ಓಡಿಸುತ್ತೇವೆ ಎಂದು ಒಪ್ಪಿಕೊಂಡರು. ಗೇಟಿನಲ್ಲಿ ಎರಡು ದಿನ ಹೋದರೆ ಅದನ್ನು ರಸ್ತೆಯಲ್ಲೇ ತಾನೇ ಹಿಂದಕ್ಕೆ ಪಡೆಯಬೇಕು? ಜಿಪಿಎಸ್ ನೋಡಿ "ಯಾಕೆ ನಿಂತೆ" ಎಂದು ಫೋನು ಮಾಡುವವರು ಗೇಟಿನ ಮುಂದೆ ನಿಂತಾಗ ಒಂದು ಫೋನೂ ಮಾಡುವುದಿಲ್ಲ. ಒಂದು ತಮಾಷೆ ನೋಡಿ: ಸರಕಿನ ಜೊತೆ ಹೋಗುವ ಇ-ವೇ ಬಿಲ್ಲಿಗೆ ಸರ್ಕಾರ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಕೊಡುತ್ತದೆ. ಕಾಗದಕ್ಕೆ ಅಷ್ಟು ದಯೆ ಇದೆ. ಸ್ಟೀರಿಂಗ್ ಹಿಡಿದವನು ಅದರ ಎರಡರಷ್ಟು ಓಡಿಸಿದರೂ ತಡವಾಯಿತು ಎಂಬ ಬೈಗುಳ.

ಕಾನೂನು ಇಲ್ಲವೇ ಎಂದರೆ, ನಮ್ಮ ಅಪ್ಪಂದಿರು ಹುಟ್ಟುವ ಮೊದಲೇ ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ಮಾರ್ಗವಾದರೆ ಅನುಮತಿ ಪಡೆದು 10 ಗಂಟೆ, ವಾರಕ್ಕೆ 54. ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು. ವಾರಕ್ಕೊಂದು ರಜೆ. ಹೆಚ್ಚು ದುಡಿಸಿದರೆ ಎರಡರಷ್ಟು ಕೂಲಿ. ರಾತ್ರಿ ತಂಗಬೇಕಾದ ಕಡೆ ಮಾಲೀಕರೇ ವಿಶ್ರಾಂತಿ ಕೋಣೆ ಒದಗಿಸಬೇಕು. ಇದನ್ನೆಲ್ಲ ಓದಿ ಹೇಳಿದಾಗ ಆ ಅಣ್ಣ ನಕ್ಕರು. ಹದಿನಾಲ್ಕು ವರ್ಷ ಗಾಡಿ ಓಡಿಸಿದ್ದಾರೆ, ಅಂಥ ಕೋಣೆಯನ್ನು ಒಮ್ಮೆಯೂ ಕಂಡಿಲ್ಲವಂತೆ. ಈಗ ಆ ಕಾಯ್ದೆಯನ್ನು 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಹೊಸ ಪುಸ್ತಕಕ್ಕಾದರೂ ಹಳೆಯದರ ಗತಿ ಬಾರದಿರಲಿ.

ಕಾನೂನಿನಿಂದ ಜಾರಿಕೊಳ್ಳುವ ದಾರಿಯೂ ಸುಲಭ. ಕಂಟೇನರಿನ ಮೇಲೆ ದೊಡ್ಡ ಹೆಸರು ಇರುತ್ತದೆ, ಆದರೆ ಗಾಡಿ ಯಾರೋ ಸಣ್ಣ ಮಾಲೀಕನದು, 'ಅಟ್ಯಾಚ್' ಮಾಡಿರುವುದು. ಪಿಎಫ್ ಕೇಳಿದರೆ ಕಂಪನಿ ಮಾಲೀಕನತ್ತ ಕೈ ತೋರಿಸುತ್ತದೆ. ಮಾಲೀಕ ಇಎಂಐ ಕಟ್ಟಲಾಗದೆ ತಾನೇ ಅಳುತ್ತಿರುತ್ತಾನೆ. ಹೆಸರು ಬರೆಸಿಕೊಳ್ಳಲು ಕಂಪನಿ ಬೇಕು, ಹೊಣೆ ಹೊರಲು ಬೇಡ.

ಇಷ್ಟೆಲ್ಲ ಮಾಡಿ, ಸಾಗಣೆ ಉದ್ಯಮದವರು ಸಭೆ ಸೇರಿದಲ್ಲೆಲ್ಲ ಹಾಡುವ ಹಾಡು ಒಂದೇ: "ಡ್ರೈವರ್ ಸಿಗುತ್ತಿಲ್ಲ, ಈಗಿನ ಹುಡುಗರಿಗೆ ದುಡಿಯುವ ಮನಸ್ಸಿಲ್ಲ." ನಮಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಹುಡುಗರು ಇದ್ದಾರೆ, ಬ್ಯಾಡ್ಜ್ ಇದೆ, ಹೆವಿ ಲೈಸೆನ್ಸ್ ಇದೆ. ಗಂಟೆಗೆ 25 ರೂಪಾಯಿಗೆ ಹೋಗುವ ಮನಸ್ಸಿಲ್ಲ ಅಷ್ಟೆ. ಅದು ಸೋಮಾರಿತನವೋ, ಲೆಕ್ಕ ಬರುತ್ತದೆ ಎಂಬುದರ ಗುರುತೋ?

ಎದುರು ಮಾತುಗಳೂ ನಮಗೆ ಗೊತ್ತು. ಡೀಸೆಲ್ ದುಬಾರಿ, ಟೋಲು ದುಬಾರಿ, ಕಂಪನಿಗೆ ಉಳಿಯುವುದೇ ಕಡಿಮೆ ಎನ್ನುತ್ತಾರೆ. ಇರಬಹುದು. ಹಾಗಿದ್ದರೆ ನಷ್ಟದ ಪಾಲನ್ನು ಮೊದಲು ಹೊರಬೇಕಾದವನು ಎಲ್ಲರಿಗಿಂತ ಕಡಿಮೆ ಪಡೆಯುವವನೇ ಏಕೆ? ಡ್ರೈವರ್‌ಗಳು ಡೀಸೆಲ್ ಕದಿಯುತ್ತಾರೆ, ಕುಡಿಯುತ್ತಾರೆ ಎನ್ನುತ್ತಾರೆ. ಕೆಲವರು ಹಾಗಿದ್ದಾರೆ, ಮುಚ್ಚಿಡುವುದು ಬೇಡ. ಅದಕ್ಕೆ ಪ್ರತಿಯೊಬ್ಬನ ಟ್ರಿಪ್ಪಿನಿಂದಲೂ ಕಡಿಯುವುದು ನ್ಯಾಯವೇ?

ಏಸಿ ಕ್ಯಾಬಿನ್ ಬಂತಲ್ಲ ಎಂದು ಒಬ್ಬರು ಹೇಳಿದರು. ಹೌದು, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಅದು ಕಡ್ಡಾಯ. ಸಂತೋಷವೇ. ಆದರೆ ಈಗ ರಸ್ತೆಯಲ್ಲಿರುವ ಹಳೆಯ ಗಾಡಿಗಳಿಗೆ ಅದು ಅನ್ವಯಿಸುವುದಿಲ್ಲ. ಗೇಟಿನ ಮುಂದೆ ನಿಂತು ಏಸಿ ಹಾಕಿಕೊಂಡರೆ ಸುಡುವ ಡೀಸೆಲ್ ಯಾರ ಲೆಕ್ಕಕ್ಕೆ ಬರುತ್ತದೆ ಎಂದು ನಿಮಗೆ ಈಗ ಹೇಳಬೇಕಾಗಿಲ್ಲ.

2024ರ ಜನವರಿಯ ಮೊದಲ ದಿನಗಳು ನೆನಪಿವೆಯೇ? ಅಪಘಾತ ಮಾಡಿ ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಜೈಲು ಎಂಬ ಹೊಸ ಕಲಮು, ಭಾರತೀಯ ನ್ಯಾಯ ಸಂಹಿತೆಯ 106(2), ಬಂದಾಗ ಹಲವು ರಾಜ್ಯಗಳಲ್ಲಿ ಚಾಲಕರು ಗಾಡಿ ನಿಲ್ಲಿಸಿದರು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಜೈಲು, ನಾವೇನು ಮಾಡಬೇಕು ಎಂಬುದು ಅವರ ಪ್ರಶ್ನೆ. ಬಂಕುಗಳ ಮುಂದೆ ಸಾಲು ಬೆಳೆಯಿತು, ಸರ್ಕಾರ ಮಾತುಕತೆಗೆ ಬಂತು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ತಡೆಹಿಡಿದರು. ಕಲಮಿನ ಸರಿತಪ್ಪು ಬೇರೆ ಮಾತು, ಅಪಘಾತದಲ್ಲಿ ಮಕ್ಕಳನ್ನು ಕಳೆದುಕೊಂಡವರ ಮನೆಯೂ ನಮ್ಮ ಧರ್ಮಕೇಂದ್ರದಲ್ಲಿದೆ. ಆದರೆ ನಮ್ಮ ಬೈಕಿಗೆ ಪೆಟ್ರೋಲು ಸಿಗದ ಹೊರತು ಇವರ ಮಾತು ನಮ್ಮ ಕಿವಿಗೆ ಬೀಳಲಿಲ್ಲವಲ್ಲ!

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಡ್ರೈವರಿಗೆ ಹೆಣ್ಣು ಕೊಡುವುದಿಲ್ಲ. "ಓದದಿದ್ದರೆ ಲಾರಿ ಹತ್ತಬೇಕಾಗುತ್ತದೆ ನೋಡು" ಎಂದು ಮಕ್ಕಳನ್ನು ಹೆದರಿಸುತ್ತೇವೆ. ಭಾನುವಾರದ ಪೂಜೆಗೆ ಬರುವುದಿಲ್ಲ ಎಂದು ಅವರ ಬಗ್ಗೆ ಗುಸುಗುಸು ಮಾಡುತ್ತೇವೆ, ಭಾನುವಾರ ಅವರು ಯಾವ ಗೇಟಿನ ಮುಂದೆ ನಿಂತಿದ್ದಾರೆ ಎಂದು ಕೇಳುವುದಿಲ್ಲ. ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬಕ್ಕೆ ಹಾರ ಹಾಕುತ್ತೇವೆ. ದುಡಿದವನ ಕೂಲಿ ಹಿಡಿದಿಡುವುದು ಎಂಥ ಪಾಪ ಎಂಬುದು ಸಂತ ಯಾಕೋಬರ ಪತ್ರದ ಐದನೆಯ ಅಧ್ಯಾಯದಲ್ಲಿದೆ, 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಬರೆದ ವಿಶ್ವಪತ್ರದಲ್ಲೂ ಇದೆ. ಓದಿಯೂ ಇದ್ದೇವೆ. ಅದು ಯಾವುದೋ ದೂರದ ಗಿರಣಿಯ ವಿಷಯ ಎಂದುಕೊಂಡಿದ್ದೆವು.

ನಾವು ಕೇಳುವುದು ದೊಡ್ಡದೇನಲ್ಲ. ಗಾಡಿ ಗೇಟಿಗೆ ಬಂದ ನಿಮಿಷವನ್ನೇ ರಿಜಿಸ್ಟರಿನಲ್ಲಿ ಬರೆಯಿರಿ, ಅದರ ಒಂದು ಚೀಟಿ ಡ್ರೈವರ್ ಕೈಗೆ ಕೊಡಿ. ಹಾಲ್ಟಿಂಗ್ ಹಣ ಬಂದರೆ ಅದರಲ್ಲಿ ಕಾದವನ ಪಾಲು ಟ್ರಿಪ್ಪಿನ ಲೆಕ್ಕದಲ್ಲಿ ಕಾಣಲಿ. ಕಡಿತ ಮಾಡುವ ಮೊದಲು ಕಾರಣ ಬರೆದು ತೋರಿಸಲಿ. ಟಾಯ್ಲೆಟ್ಟಿನ ಬಾಗಿಲು ತೆರೆದಿರಲಿ. ಕೊನೆಯದಕ್ಕಂತೂ ಯಾವ ಸಂಹಿತೆಯೂ ಬೇಕಿಲ್ಲ.

ಬರುವ ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಸೇರುತ್ತಿದ್ದೇವೆ. ಆ ಅಣ್ಣ ಬರುತ್ತಾರೆ, ಇನ್ನಿಬ್ಬರು ಡ್ರೈವರ್ ಮಾಮಂದಿರೂ ಊರಲ್ಲಿದ್ದರೆ ಬರುತ್ತೇವೆ ಎಂದಿದ್ದಾರೆ. ಟ್ರಿಪ್ ಶೀಟ್ ಇದ್ದವರು ಹಳೆಯದಾದರೂ ಸರಿ, ತೆಗೆದುಕೊಂಡು ಬನ್ನಿ. ಗೇಟಿನಲ್ಲಿ, ಸ್ಟೋರ್ಸಿನಲ್ಲಿ, ಡಿಸ್ಪ್ಯಾಚಿನಲ್ಲಿ ಕೆಲಸ ಮಾಡುವವರು ತಪ್ಪಿಸಿಕೊಳ್ಳಬೇಡಿ. ನಿಮ್ಮ ರಿಜಿಸ್ಟರಿನಲ್ಲಿ 'ಇನ್ ಟೈಮ್' ಹೇಗೆ ಬರೆಯುತ್ತೀರಿ ಎಂದು ಮೊದಲು ನಿಮ್ಮನ್ನೇ ಕೇಳುತ್ತೇವೆ.