ಬೇಸಗೆಯ ಜೋಗಕ್ಕೆ ಚಿತ್ರವಿಲ್ಲ

ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ವಿದ್ಯುದ್ಯೋಜನೆಯ ವಿಚಾರವಾಗಿ 2025ರಲ್ಲಿ ಎದ್ದ ವಾದವಿವಾದಗಳನ್ನು ಓದುತ್ತಿದ್ದಾಗ ಒಂದು ಸಣ್ಣ ಸಂಗತಿ ನನ್ನ ಗಮನವನ್ನು ಹಿಡಿದು ನಿಲ್ಲಿಸಿತು. ಯೋಜನೆ ಬೇಕೆಂದವರ ಲೇಖನದ ಮೇಲೂ ಬೇಡವೆಂದವರ ಲೇಖನದ ಮೇಲೂ ಅಚ್ಚಾಗಿದ್ದುದು ಒಂದೇ ಬಗೆಯ ಛಾಯಾಚಿತ್ರ: ತುಂಬಿ ಧುಮುಕುತ್ತಿರುವ ಮಳೆಗಾಲದ ಜೋಗ. ಯೋಜನೆಯಾದರೋ ಜಲಪಾತದಲ್ಲಲ್ಲ, ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವಣ ಕಾಡಿನಲ್ಲಿ. ಸಿಂಗಳೀಕಗಳ ನೆಲೆಯಾದ ಆ ಕಾಡಿನ ಚಿತ್ರ ನಾನು ಕಂಡಷ್ಟರಲ್ಲಿ ಎಲ್ಲಿಯೂ ಇರಲಿಲ್ಲ. ಬೇಸಗೆಯ ಶರಾವತಿಯದೂ ಇರಲಿಲ್ಲ.

ಇದು ಪತ್ರಿಕೆಯವರ ಅಲಕ್ಷ್ಯವೆಂದು ತಳ್ಳಿಬಿಡುವಂತಿಲ್ಲ. ಅಂಥ ಚಿತ್ರ ಅವರಿಗೆ ಸಿಕ್ಕುವುದಾದರೂ ಎಲ್ಲಿಂದ? ನಾವು ತೆಗೆದಿದ್ದರಲ್ಲವೆ!

ನಾನು ಮೊದಲು ಜೋಗವನ್ನು ಕಂಡದ್ದು ಎಂಟು ವರ್ಷದ ಹುಡುಗನಾಗಿ, ಒಂದು ಮಾರ್ಚ್ ತಿಂಗಳಲ್ಲಿ. ನಮ್ಮ ಮನೆಯ ನಡುಮನೆಯಲ್ಲಿ ಜೋಗದ ಕ್ಯಾಲೆಂಡರೊಂದು ವರ್ಷ ಕಳೆದ ಮೇಲೂ ಗೋಡೆ ಬಿಟ್ಟಿರಲಿಲ್ಲ. ಆ ಚಿತ್ರವನ್ನೇ ನಂಬಿ ಹೋದವನಿಗೆ ಎದುರಾದುದು ಕರಿಯ ಬಂಡೆ, ಅದರ ಮೇಲೆ ನೂಲಿನಂತೆ ಇಳಿಯುತ್ತಿದ್ದ ಒಂದೆರಡು ಎಳೆ ನೀರು. “ಅಪ್ಪಾ, ಜೋಗ ಎಲ್ಲಿ?” ಎಂದು ಕೇಳಿದೆನಂತೆ. ನಮ್ಮ ತಂದೆ ಈಗಲೂ ಅದನ್ನು ಹೇಳಿ ನಗುತ್ತಾರೆ. ಮೋಸ ಬಂಡೆಯದಲ್ಲ, ಕ್ಯಾಲೆಂಡರಿನದೆಂದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ನಮ್ಮ ಹಳೆಯ ಕವಿಗಳಿಗೆ ಈ ಕಟ್ಟುಪಾಡು ಚೆನ್ನಾಗಿ ತಿಳಿದಿತ್ತು. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು.  ಕಾಳಿದಾಸನ ಹೆಸರಿನಲ್ಲಿರುವ ‘ಋತುಸಂಹಾರ’ವಂತೂ ಆರಂಭವಾಗುವುದೇ ಗ್ರೀಷ್ಮದಿಂದ, ವಸಂತ ಬರುವುದು ಕಟ್ಟಕಡೆಗೆ. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ಅನ್ನಿಸುವುದುಂಟು: ಇಂದು ಕೈಯಲ್ಲಿ ಕ್ಯಾಮರಾ ಹಿಡಿದ ನಾವು ಆ ಕಾವ್ಯದ ಮೊದಲ ಸರ್ಗವನ್ನೇ ಹರಿದು ಹಾಕಿ ಓದುತ್ತಿದ್ದೇವೆ. (ಪರೀಕ್ಷೆಗೆ ಓದುವ ಹುಡುಗರೂ ಹಾಗೆಯೇ; ಅದು ಬೇರೆ ಮಾತು.)

ಈ ಹಳಹಳಿಕೆಯನ್ನು ಕೆಲಸಕ್ಕೆ ಹಚ್ಚೋಣವೆಂದು 2023ರ ಜೂನಿನಿಂದ ಮರುವರ್ಷದ ಮೇವರೆಗೆ ತಿಂಗಳಿಗೊಂದು ಭಾನುವಾರ ಜೋಗಕ್ಕೆ ಹೋಗಿಬಂದೆ. ನಿಯಮ ಸರಳ: ಅದೇ ಕಟಾಂಜನದ ಅದೇ ಕಂಬದ ಬಳಿ ನಿಲ್ಲುವುದು, ಅದೇ ಮಸೂರ, ಬೆಳಗಿನ ಹತ್ತು ಗಂಟೆ. ಬೆಳಕು ಚೆನ್ನಾಗಿಲ್ಲವೆಂದು ಕಾಯುವಂತಿಲ್ಲ. ನೀರು ಕಡಮೆಯಿದೆಯೆಂದು ಹಿಂದಿರುಗುವಂತಿಲ್ಲ.

ಮೊದಲ ಪಾಠ ಜುಲೈಯಲ್ಲೇ ಆಯಿತು. ಆ ದಿನ ಹತ್ತು ಗಂಟೆಗೆ ನನಗೆ ಸಿಕ್ಕಿದ್ದು ಶುದ್ಧ ಬಿಳಿಯ ಹಾಳೆ. ಮಂಜು! ಸದ್ದು ಮಾತ್ರ ಕೇಳುತ್ತಿತ್ತು. ಮುಕ್ಕಾಲು ಗಂಟೆ ನಿಂತ ಬಳಿಕ ಎರಡು ನಿಮಿಷ ಪರದೆ ಸರಿದು ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಕಂಡು ಮರೆಯಾದವು. ಎಲ್ಲರೂ ತೆಗೆಯುವುದು ಆ ಎರಡು ನಿಮಿಷವನ್ನು. ಮಳೆಗಾಲದ ಜೋಗವೆಂದು ನಾವು ಬಲ್ಲದ್ದು ಮಳೆಗಾಲದ ಜೋಗವೂ ಅಲ್ಲ.

ಆಗಸ್ಟಿನದು ಇನ್ನೊಂದು ಕಥೆ. 1901ರಿಂದೀಚೆಗೆ ಇಡೀ ಭಾರತದಲ್ಲಿ ಮಳೆ ಅತ್ಯಂತ ಕಡಮೆಯಾದ ಆಗಸ್ಟ್ 2023ರದು. ತಿಂಗಳ ಕೊನೆಯ ಭಾನುವಾರ ನಾನು ಹೋದಾಗ ಬಂಡೆ ಆಗಲೇ ಮೈ ತೋರಿಸುತ್ತಿತ್ತು. ಬೆಂಗಳೂರಿನ ಬಸ್ಸಿನಿಂದ ಇಳಿದ ಜನ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಅಲ್ಲಿ ಚಿತ್ರ ತೆಗೆದು ಕೂಡಲೇ ಅಚ್ಚುಹಾಕಿ ಕೊಡುವವನೊಬ್ಬ ಆಲ್ಬಂ ಬಿಚ್ಚಿ ಹೇಳಿದ: “ಬೇಜಾರ್ ಮಾಡ್ಕೋಬೇಡಿ ಸಾರ್, ಹಿಂದ್ಗಡೆ ನೀರು ತುಂಬಿರೋ ಹಂಗೇ ಹಾಕ್ಕೊಡ್ತೀನಿ.” ಇಬ್ಬರು ಹಾಗೆಯೇ ತೆಗೆಸಿಕೊಂಡರು. ಅವರ ಮನೆಯ ಗೋಡೆಯ ಮೇಲೆ 2023ರ ಆಗಸ್ಟಿನಲ್ಲಿ ಜೋಗ ತುಂಬಿ ಹರಿದಿದೆ. ಆ ಮನುಷ್ಯನನ್ನು ನಾನು ದೂರುವುದಿಲ್ಲ. ಅವನು ಹೊಟ್ಟೆಪಾಡಿಗೆ ಮಾಡಿದ್ದನ್ನು ಪ್ರವಾಸದ ಜಾಹೀರಾತುಗಳು ವರ್ಷವಿಡೀ ಮಾಡುತ್ತಿವೆ.

ಇಷ್ಟೇ ಆಗಿದ್ದರೆ ಇದೊಂದು ರಸಾಸ್ವಾದದ ಪ್ರಶ್ನೆಯೆಂದು ಸುಮ್ಮನಿರಬಹುದಾಗಿತ್ತು. ಆದರೆ ಜೋಗದ ಬೇಸಗೆ ಕೇವಲ ಪ್ರಕೃತಿಯ ಬೇಸಗೆಯಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಂದಿನಿಂದ ನದಿಯ ನೀರು ಮೇಲೆಯೇ ನಿಲ್ಲುತ್ತದೆ. ಅಲ್ಲಿಂದ ಕಾಲುವೆಯ ಮೂಲಕ ತಳಕಳಲೆಗೆ ಹೋಗಿ, ಕೊಳವೆಗಳಲ್ಲಿಳಿದು, 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರವನ್ನು ಸೇರುತ್ತದೆ. ಜಲಪಾತ ಬದಿಗೆ ಉಳಿಯುತ್ತದೆ. ಜಲಾಶಯ 1819 ಅಡಿಯ ಸಮೀಪಕ್ಕೆ ಬಂದು ಬಾಗಿಲು ತೆರೆದರೆ ಮಾತ್ರ ನಾಲ್ಕು ಧಾರೆಗಳೂ ಹಳೆಯ ಮೈಯಲ್ಲಿ ಕಾಣುತ್ತವೆ. 2024ರ ಆಗಸ್ಟಿನಲ್ಲಿ ಹಾಗೆ ತೆರೆದಾಗ ಅದೇ ಕಂಬದ ಬಳಿ ನಿಂತು ತೆಗೆದ ಚಿತ್ರವನ್ನು ಹಿಂದಿನ ಆಗಸ್ಟಿನ ಚಿತ್ರದ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಊರಿನವೆಂದು ಯಾರೂ ಹೇಳಲಾರರು. ಈ ಅಂತರದಲ್ಲಿ ಮುಗಿಲಿನ ಪಾಲೆಷ್ಟು, ಬಾಗಿಲಿನ ಪಾಲೆಷ್ಟು? ಎರಡು ಚಿತ್ರಗಳಿಂದ ಅದು ತಿಳಿಯದು. ಅಣೆಕಟ್ಟಿಗೆ ಮುಂಚಿನ ಬೇಸಗೆಗಳಲ್ಲೂ ನೀರು ಕಡಮೆಯಾಗುತ್ತಿದ್ದುದು ನಿಜವೇ. ಆದರೆ ಎಷ್ಟು ಕಡಮೆ ಎಂದು ಕಣ್ಣಿಗೆ ತೋರಿಸುವ ಸಾಲು ನಮ್ಮಲ್ಲಿಲ್ಲ. ಹಿಮನದಿಗಳು ಕರಗುತ್ತಿರುವುದನ್ನು ಜಗತ್ತು ನಂಬಿದ್ದು ಒಂದೇ ಸ್ಥಳದಿಂದ ದಶಕಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಕಂಡ ಮೇಲೆ. ನಮ್ಮ ನದಿಗೆ ಅಷ್ಟೂ ಇಲ್ಲ.

ಹೊಸ ಯೋಜನೆ 2000 ಮೆಗಾವ್ಯಾಟಿನದು. ಇದ್ದ ನೀರನ್ನೇ ಮೇಲಕ್ಕೆತ್ತಿ ಕೆಳಗಿಳಿಸುವುದರಿಂದ ನದಿಗೆ ಹಾನಿಯಿಲ್ಲವೆಂದು ಸರ್ಕಾರದ ಕಡೆಯವರು, ಕಾಡೂ ಗುಡ್ಡವೂ ಕುಸಿದಾವೆಂದು ಕಣಿವೆಯವರು. ನಾನು ಎಂಜಿನಿಯರನಲ್ಲ, ಆದರೂ ಕಣಿವೆಯವರ ಭಯ ಬರಿಯ ಭಾವುಕತೆಯೆಂದು ನನಗೆ ತೋರುವುದಿಲ್ಲ. ತೊಂದರೆಯೆಂದರೆ, ಅವರ ಕಣ್ಣು ಕಂಡದ್ದಕ್ಕೆ ಸಾಕ್ಷಿಯಾಗಿ ತೋರಿಸಲು ಕೈಯಲ್ಲೇನೂ ಇಲ್ಲ. 2025ರ ಆರಂಭದಲ್ಲಿ ಕಾಮಗಾರಿಗಾಗಿ ಜೋಗದ ಪ್ರವೇಶವನ್ನು ಕೆಲಕಾಲ ನಿಲ್ಲಿಸಿದ್ದರು. ಆರಿಸಿಕೊಂಡದ್ದು ಜನವರಿಯಿಂದಾಚೆಯ ದಿನಗಳನ್ನು. ಆ ದಿನಗಳ ಜೋಗ ಯಾರಿಗೆ ಬೇಕಾಗಿತ್ತು?

ಚಂದದ ಒಂದು ಋತುವಿಗೆ ಮಾತ್ರ ಮುಗಿಬೀಳುವುದರ ಇನ್ನೊಂದು ಫಲವನ್ನು ಹೇಳದೆ ಬಿಡಲಾರೆ. 2023ರ ಜುಲೈಯಲ್ಲಿ ಕೊಲ್ಲೂರಿನ ಬಳಿಯ ಅರಿಶಿನಗುಂಡಿ ಜಲಪಾತದ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ, ಗೆಳೆಯ ವಿಡಿಯೋ ತೆಗೆಯುತ್ತಿದ್ದಂತೆಯೇ ಜಾರಿ ಪ್ರವಾಹದಲ್ಲಿ ಕೊಚ್ಚಿಹೋದ. ನಮ್ಮ ಕಾಲೇಜಿನ ಹುಡುಗರ ವಯಸ್ಸಿನವನು. ಆ ವಾರವೆಲ್ಲ ನನಗೆ ಪಾಠ ಹೇಳಲು ಮನಸ್ಸು ಬರಲಿಲ್ಲ.

ನನ್ನ ಸಾಲಿನಲ್ಲಿ ಹನ್ನೊಂದು ಚಿತ್ರಗಳಿವೆ. ಡಿಸೆಂಬರಿನದಿಲ್ಲ, ಉತ್ತರಪತ್ರಿಕೆಗಳ ನಡುವೆ ಸಿಕ್ಕಿಕೊಂಡಿದ್ದೆ. ಅವುಗಳಲ್ಲಿ ನನಗೆ ಮೆಚ್ಚಾದುದು ಏಪ್ರಿಲಿನದು. ನೀರು ಸರಿದ ಬಂಡೆಯ ಪದರಗಳು, ಬಿರುಕುಗಳಲ್ಲಿ ಪಾರಿವಾಳಗಳು, ನೂರಾರು ಮಳೆಗಾಲಗಳು ಬಿಟ್ಟುಹೋದ ಕಲೆಗಳು, ಇವೆಲ್ಲ ಕಾಣುವುದು ಆಗಲೇ. ಸಾಗರದ ಕಡೆಯ ಶಾಲಾಕಾಲೇಜುಗಳಲ್ಲಿ ಯಾರಾದರೂ ಉಪಾಧ್ಯಾಯರು ಹುಡುಗರನ್ನು ಕೂಡಿಕೊಂಡು, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಈ ಸಾಲನ್ನು ಮುಂದುವರಿಸುವುದಾದರೆ ನನ್ನ ಕಂಬವನ್ನು ನಾನೇ ಬಂದು ತೋರಿಸಿಕೊಡುತ್ತೇನೆ. ಇನ್ನು ವಾಚಕರಲ್ಲಿ ಯಾರ ಮನೆಯಲ್ಲಾದರೂ, ಅಜ್ಜನ ಪೆಟ್ಟಿಗೆಯಲ್ಲೋ ಮದುವೆಯ ಆಲ್ಬಮ್ಮಿನ ನಡುವೆಯೋ, 1964ಕ್ಕೆ ಮುಂಚಿನ ಬೇಸಗೆಯ ಜೋಗದ ಚಿತ್ರವಿದ್ದರೆ, ತೆಳುನೀರಿನದೆಂದು ಎಸೆಯದೆ, ನೆನಪಿರುವವರನ್ನು ಕೇಳಿ ಅದರ ಬೆನ್ನಿನ ಮೇಲೆ ತಿಂಗಳನ್ನೂ ವರ್ಷವನ್ನೂ ಬರೆದಿಡಬೇಕೆಂದು ಬೇಡುತ್ತೇನೆ.