ಬೆನ್ನುಹುರಿ ಸಂಶೋಧನೆ: ಇಲಿಯಲ್ಲಿ ಫಲಿಸಿದ್ದು ರೋಗಿಯಲ್ಲಿ ಏಕೆ ಫಲಿಸಲಿಲ್ಲ?

ಹೊಸ ಔಷಧಿಗಳ ಪರೀಕ್ಷೆಗೆ ಪ್ರಾಣಿಗಳ ಬದಲು ಅನ್ಯ ವಿಧಾನಗಳನ್ನೂ ಬಳಸಬಹುದೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ನಿಯಮ ತಿದ್ದಿತು. ಅಹಿಂಸಾಣುವ್ರತ ಪಾಲಿಸುವ ಶ್ರಾವಕ ಕುಟುಂಬಗಳಿಗೆ ಇದು ನೆಮ್ಮದಿಯ ಸಂಗತಿ. ಆದರೆ ಎಲ್ಲ ರೋಗಗಳಿಗೂ ಇದು ಸುಲಭವಾಗಿ ಒದಗುವುದಿಲ್ಲ. ಯಕೃತ್ತಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಬಹುದು, ನಡಿಗೆಯನ್ನು ಬೆಳೆಸಲಾಗದು. ಬೆನ್ನುಹುರಿಯ ಸಂಶೋಧನೆ ಸಿಕ್ಕಿಕೊಂಡಿರುವುದು ಇಲ್ಲೇ.

ವಯಸ್ಸಾದಂತೆ ಕುತ್ತಿಗೆಯ ಡಿಸ್ಕ್ ಸವೆಯುತ್ತದೆ, ಮೂಳೆ ಬೆಳೆಯುತ್ತದೆ, ಬೆನ್ನುಹುರಿ ಒತ್ತಿಗೆ ಸಿಲುಕುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಕಾಲು ಎಡವುತ್ತದೆ. ಇದೆಲ್ಲ ಆಗಲು ವರ್ಷಗಳೇ ಬೇಕು.

ಪ್ರಯೋಗಾಲಯಕ್ಕೆ ಅಷ್ಟು ತಾಳ್ಮೆಯಿಲ್ಲ. 1911ರಲ್ಲಿ ಅಮೆರಿಕದ ಆಲನ್ ನಾಯಿಗಳ ಬೆನ್ನುಹುರಿಯ ಮೇಲೆ ತೂಕ ಬೀಳಿಸಿದರು. 1950ರ ದಶಕದಲ್ಲಿ ಟಾರ್ಲೋವ್ ಬಲೂನು ಉಬ್ಬಿಸಿ ಒತ್ತಿದರು. 1978ರಲ್ಲಿ ರಿವ್ಲಿನ್ ಮತ್ತು ಟೇಟರ್ ಇಲಿಗಳ ಬೆನ್ನುಹುರಿಗೆ ಕ್ಲಿಪ್ ಹಾಕಿದರು. ಇವೆಲ್ಲ ಅಪಘಾತದ ಪೆಟ್ಟನ್ನು ಹೋಲುತ್ತವೆ, ಮುಪ್ಪಿನ ಸವೆತವನ್ನಲ್ಲ. ಆಮೇಲೆ ನೀರು ಹೀರಿ ನಿಧಾನವಾಗಿ ಹಿಗ್ಗುವ ತೆಳು ಹಾಳೆಯನ್ನು ಇಲಿಯ ಬೆನ್ನುಮೂಳೆಯೊಳಗೆ ಸೇರಿಸುವ ವಿಧಾನ ಬಂತು. ಆದರೂ ಇಲಿ ನಡೆಯುವುದು ನಾಲ್ಕು ಕಾಲಿನ ಮೇಲೆ. ಅದರ ಕುತ್ತಿಗೆ ಹೊರುವ ಭಾರವೇ ಬೇರೆ.

ಇದರ ಫಲ ರಿಲುಜೋಲ್ ಎಂಬ ಔಷಧಿಯಲ್ಲಿ ಕಂಡಿತು. ಇಲಿಗಳಲ್ಲಿ ಅದು ಭರವಸೆ ಮೂಡಿಸಿತ್ತು. ಅಮೆರಿಕ, ಕೆನಡಾಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಿದ್ದ 300 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು: ಆರು ತಿಂಗಳ ನಂತರವೂ ಔಷಧಿ ಪಡೆದವರಿಗೂ ಬರಿ ಗುಳಿಗೆ ನುಂಗಿದವರಿಗೂ ಚೇತರಿಕೆಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಒಂದು ಸೋಲಿನಿಂದ ಪ್ರಾಣಿ ಪ್ರಯೋಗವೆಲ್ಲ ವ್ಯರ್ಥವೆನ್ನಲಾಗದು. ಆದರೆ ಮಾದರಿಯೇ ರೋಗಕ್ಕೆ ಹೊಂದದಿದ್ದರೆ, ಆ ಜೀವಿಗಳು ಪಟ್ಟ ಯಾತನೆಗೆ ಯಾವ ಸಮರ್ಥನೆ ಉಳಿಯುತ್ತದೆ?

ಇನ್ನೊಂದು ದಾರಿಯಿದೆ. ಡ್ಯಾಶ್‌ಹಂಡ್‌ನಂಥ ಗಿಡ್ಡ ಕಾಲಿನ ನಾಯಿಗಳಿಗೆ ಡಿಸ್ಕ್ ಜಾರಿ ಬೆನ್ನುಹುರಿ ಒತ್ತುವುದು ತಾನಾಗಿಯೇ ಬರುವ ಕಾಯಿಲೆ. ಕೇಂಬ್ರಿಡ್ಜ್‌ನ ಪಶುವೈದ್ಯರು 2012ರಲ್ಲಿ, ಮೊದಲೇ ಹಿಂಗಾಲಿನ ಸ್ವಾಧೀನ ಕಳೆದುಕೊಂಡಿದ್ದ 34 ಸಾಕುನಾಯಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಅವುಗಳ ಮೂಗಿನಿಂದಲೇ ತೆಗೆದು ಬೆಳೆಸಿದ ಜೀವಕೋಶಗಳನ್ನು ಪಡೆದ ನಾಯಿಗಳಲ್ಲಿ ಮುಂಗಾಲು ಹಿಂಗಾಲುಗಳ ಹೊಂದಾಣಿಕೆ ಸುಧಾರಿಸಿತು. ಮೂತ್ರದ ಹಿಡಿತ ಮರಳಲಿಲ್ಲ. ಲಾಭ ಅಲ್ಪ. ಆದರೆ ಪ್ರಯೋಗಕ್ಕೆಂದು ಅಲ್ಲಿ ಯಾರೂ ಬೆನ್ನುಹುರಿ ಮುರಿಯಲಿಲ್ಲ. ಶ್ರಾವಕ ತ್ಯಜಿಸಬೇಕಾದ ಸಂಕಲ್ಪೀ ಹಿಂಸೆಯ ಪ್ರಶ್ನೆ ಬರುವುದು ನೋವನ್ನು ಉದ್ದೇಶಪೂರ್ವಕವಾಗಿ ಉಂಟುಮಾಡುವಲ್ಲಿ; ಬಂದ ನೋವಿಗೆ ಮದ್ದು ಹುಡುಕುವಲ್ಲಿ ಅಲ್ಲ.

ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಕಲಂ, ಸಾಧ್ಯವಿದ್ದಲ್ಲಿ ದೊಡ್ಡ ಪ್ರಾಣಿಗಳ ಬದಲು ಇಲಿ, ಮೊಲಗಳಂಥವನ್ನು ಬಳಸಲು ಹೇಳುತ್ತದೆ. ಜೈನ ದೃಷ್ಟಿಯಲ್ಲಿ ಇಲಿಯೂ ಪಂಚೇಂದ್ರಿಯ ಜೀವಿಯೇ. ಅದೇ ಕಲಂ, ಸಾಧ್ಯವಾದಲ್ಲೆಲ್ಲ ಪ್ರಯೋಗವನ್ನೇ ಕೈಬಿಡಬೇಕೆಂದೂ ಹೇಳುತ್ತದೆ. ಪ್ರತಿ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯಲ್ಲಿ ವಿಜ್ಞಾನಿಯಲ್ಲದ ಒಬ್ಬ ಸದಸ್ಯರಿಗೆ ಸ್ಥಾನವಿದೆ. ಈ ಒತ್ತು ಮನುಷ್ಯನ ನಿಧಾನದ ರೋಗವನ್ನು ಎಷ್ಟು ಹೋಲುತ್ತದೆ ಎಂದು ಅಲ್ಲಿ ಕೇಳಲು ವೈದ್ಯಕೀಯ ಪದವಿ ಬೇಕಿಲ್ಲ.