ಅಂಗಡಿಯ ಲೆಕ್ಕವೂ ಪರಲೋಕದ ಲೆಕ್ಕವೂ

ಚಾರ್ಮಾಡಿ, ಕಕ್ಕಿಂಜೆ, ಉಜಿರೆಯ ಕಡೆಯಿಂದ ಘಾಟಿ ಹತ್ತಿ ಬೆಂಗಳೂರು ಸೇರಿದ ಕುಟುಂಬಗಳಿಗೆ ಅಲ್ಲಿ ಮೊದಲು ಪರಿಚಿತನಾಗುವವನು ಬಹುಶಃ ಬೀದಿಯ ಮೂಲೆಯ ಜೀನಸು ಅಂಗಡಿಯವನೇ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಒಣಮೀನು ಬೇಕೆಂದರೆ ತರಿಸಿಕೊಡುವವನು ಅವನು. ಸಂಬಳ ತಡವಾದರೆ ‘ಆಮೇಲೆ ಕೊಡಿ’ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವವನೂ ಅವನೇ.

ಈಗ ಬ್ಲಿಂಕಿಟ್, ಝೆಪ್ಟೊ, ಇನ್‌ಸ್ಟಾಮಾರ್ಟ್‌ಗಳು ಕೆಲವೇ ನಿಮಿಷಗಳಲ್ಲಿ ಸಾಮಾನನ್ನು ಮನೆಬಾಗಿಲಿಗೆ ತಲುಪಿಸುತ್ತವೆ. ಅಗ್ಗವಿರುವಲ್ಲಿ ಕೊಳ್ಳುವುದು ತಪ್ಪಲ್ಲ. ಅದನ್ನು ನಿಷಿದ್ಧವೆನ್ನಲು ಆಧಾರವೂ ಇಲ್ಲ. ಆದರೆ ಕೆಲವು ಮನೆಗಳಲ್ಲಿ ಒಂದು ವಿಚಿತ್ರ ರೂಢಿ ಬೆಳೆಯುತ್ತಿದೆ. ಸಂಬಳ ಬಂದ ವಾರ ಹಣವೆಲ್ಲ ಮೊಬೈಲಿನ ಖರೀದಿಗೆ. ಕೈ ಬರಿದಾದ ವಾರ ಕಡ ಮಾತ್ರ ಅಂಗಡಿಗೆ. ಹಳೆಯ ಬಾಕಿ ಹಾಗೆಯೇ ಉಳಿದಿರುತ್ತದೆ. ಅಂಗಡಿಯವನ ಮುಖ ತಪ್ಪಿಸಲು ಬೇರೆ ಬೀದಿಯಲ್ಲಿ ನಡೆಯುವವರೂ ಇದ್ದಾರೆ.

ಕಡ ಪಡೆಯುವುದು ಅವಮಾನವಲ್ಲ. ಪ್ರವಾದಿವರ್ಯರು(ಸ) ಮದೀನದಲ್ಲಿ ಒಬ್ಬ ಯಹೂದಿಯಿಂದ ಮನೆಯವರಿಗಾಗಿ 30 ಸಾಅ್ ಜವೆಗೋಧಿ ಪಡೆದು, ತಮ್ಮ ಯುದ್ಧಕವಚವನ್ನು ಅಡವಿಟ್ಟಿದ್ದರೆಂದು ಬುಖಾರಿಯ ವರದಿಯಿದೆ. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಸಾಲ ಕೊಟ್ಟವನಿಗೆ ಭರವಸೆ ನೀಡುವುದು ಪಡೆದವನ ಹೊಣೆ. ವ್ಯಾಪಾರದ ಹಕ್ಕು ವ್ಯಾಪಾರಿಯ ಧರ್ಮವನ್ನು ನೋಡುವುದಿಲ್ಲ. ಅಂಗಡಿಯವನು ಬ್ಯಾರಿಯಾಗಿರಲಿ, ಮಲಯಾಳಿಯಾಗಿರಲಿ, ಶೆಟ್ಟಿಯಾಗಿರಲಿ, ಅವನ ಬಾಕಿ ಬಾಕಿಯೇ.

ಉಳ್ಳವನು ಸಾಲ ತೀರಿಸಲು ವಿಳಂಬಿಸುವುದು ಅನ್ಯಾಯವೆಂದು ಹದೀಸ್ ಎಚ್ಚರಿಸುತ್ತದೆ. ಹೊಸ ಮೊಬೈಲಿಗೆ ಹಣವಿದ್ದು ಅಕ್ಕಿಯ ಬಾಕಿಗೆ ಇಲ್ಲವೆನ್ನುವವನು ಇಲ್ಲದವನ ಸಾಲಿಗೆ ಸೇರಲಾರ. ನಮಗೆ ಅದು ಎಂಟುನೂರು ರೂಪಾಯಿ. ಅಂತಹ ಇಪ್ಪತ್ತು ಮನೆಗಳ ಬಾಕಿ ಸೇರಿದರೆ ಸಣ್ಣ ಅಂಗಡಿಯವನಿಗೆ ಮುಂದಿನ ವಾರದ ಮಾಲು ತರುವ ಬಂಡವಾಳವೇ ಇಲ್ಲವಾಗುತ್ತದೆ. 2025ರ ಜುಲೈಯಲ್ಲಿ ಯುಪಿಐ ಪಾವತಿಗಳ ಆಧಾರದಲ್ಲಿ ತೆರಿಗೆ ನೋಟಿಸುಗಳು ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿತು. ಅವರ ಬದುಕು ಎಷ್ಟು ತೆಳುವಾದ ದಾರದ ಮೇಲಿದೆ ಎಂಬುದನ್ನು ಆ ಚೀಟಿಗಳೇ ಹೇಳಿದವು.

ವ್ಯಾಪಾರಿಗೂ ಹೊಣೆಯಿದೆ. ತೂಕದಲ್ಲಿ ಕಡಿತ ಮಾಡುವವರಿಗೆ ಕುರ್‌ಆನಿನ 83ನೆಯ ಅಧ್ಯಾಯವು ವಿನಾಶದ ಎಚ್ಚರಿಕೆ ನೀಡಿದೆ. ಅವಧಿ ಮೀರಿದ ಪೊಟ್ಟಣವನ್ನು ತಿಳಿದೂ ಮಾರುವವನು, ಕಡ ಪಡೆದ ಬಡವಳ ಲೆಕ್ಕದಲ್ಲಿ ಎರಡು ರೂಪಾಯಿ ಹೆಚ್ಚು ಬರೆಯುವವನು ನೆರೆಹೊರೆಯ ಹೆಸರಿನಲ್ಲಿ ರಿಯಾಯಿತಿ ಕೇಳುವಂತಿಲ್ಲ. ನಿಜವಾಗಿಯೂ ಕಷ್ಟದಲ್ಲಿರುವವನಿಗೆ ಕಾಲಾವಕಾಶ ನೀಡಬೇಕೆಂಬುದು ಅಲ್‌ಬಕರ ಅಧ್ಯಾಯದ 280ನೆಯ ಸೂಕ್ತದ ಆದೇಶ.

ಅದೇ ಅಧ್ಯಾಯದ 282ನೆಯ ಸೂಕ್ತವು ಸಾಲವನ್ನು ಬರೆದಿಡಲು ಹೇಳುತ್ತದೆ. ಬರೆಯುವ ಪುಸ್ತಕ ಅಂಗಡಿಯಲ್ಲಿ ಮಾತ್ರವಲ್ಲ, ನಮ್ಮ ಮನೆಯಲ್ಲೂ ಇರಲಿ. ಅದು ಮಡದಿ ಮಕ್ಕಳಿಗೆ ತಿಳಿದಿರಲಿ. ಏಕೆಂದರೆ ವಾರಸುದಾರರು ಆಸ್ತಿ ಹಂಚಿಕೊಳ್ಳುವ ಮೊದಲು ಮೃತನ ಸಾಲ ತೀರಬೇಕು. ಅಕ್ಕಿ, ಬೇಳೆಯ ಬಾಕಿಯೂ ಸಾಲವೇ. ಈ ತಿಂಗಳ ಸಂಬಳ ಕೈಸೇರಿದಾಗ ಮೊದಲ ಪಾವತಿ ಅದಕ್ಕೇ ಆಗಲಿ. ನಮ್ಮ ಊಟದ ತಟ್ಟೆಯಲ್ಲಿ ಇನ್ನೊಬ್ಬರ ಹಕ್ಕು ಉಳಿಯದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ.